ಎತ್ತಿಗೆ ಐದು ದಿನ, ಟಿವಿಗೆ ಎಷ್ಟು?

ಕಟ್ಟಾಯದ ನಮ್ಮ ಮನೆಯ ನಡುಮನೆಯಲ್ಲಿ ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಟಿವಿಯೊಂದು ಬಹಳ ವರ್ಷ ಮೇಜಾಗಿ ಬದುಕಿತು. ಅದರ ಮೇಲೆ ಅಮ್ಮ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಗಡಿಯಾರ, ಮಾತ್ರೆಯ ಡಬ್ಬಿ, ಸೊಸೈಟಿಯ ಪಾಸ್‌ಬುಕ್ಕು. ಅದು ಟಿವಿ ಎಂಬುದನ್ನು ಮನೆಗೆ ಬಂದವರಿಗೆ ಹೇಳಬೇಕಾಗುತ್ತಿತ್ತು.

1994ರಲ್ಲಿ ಆಲೂಗಡ್ಡೆಗೆ ಒಳ್ಳೆಯ ಬೆಲೆ ಸಿಕ್ಕಿತೆಂದು ದೀಪಾವಳಿಗೆ ಮುಂಚೆ ಅಪ್ಪ ಅದನ್ನು ಹಾಸನದ ಅಂಗಡಿಯೊಂದರಿಂದ ತಂದಿದ್ದರು. ಒಂದು ವರ್ಷದ ವಾರಂಟಿ ಎಂದು ಅಂಗಡಿಯವರು ಬಣ್ಣದ ಕಾರ್ಡು ಕೊಟ್ಟಿದ್ದರು. ಶಿವರಾತ್ರಿಯ ಹೊತ್ತಿಗೆ ಒಂದು ಸಂಜೆ ಚಿತ್ರವೆಲ್ಲ ಕುಗ್ಗಿ, ಪರದೆಯ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ ಮಾತ್ರ ಉಳಿಯಿತು. ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಪ್ಪ ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾಸನಕ್ಕೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯವರು ಕೌದಿಯನ್ನು ಬಿಚ್ಚಲೂ ಇಲ್ಲ.

"ಗೌಡ್ರೇ, ನಾವು ಮಾರೋರು ಅಷ್ಟೇ. ಮಾಡ್ದೋರು ಕಂಪ್ನಿಯೋರು. ಬೆಂಗ್ಳೂರಲ್ಲಿ ಅವ್ರ ಸರ್ವೀಸ್ ಸೆಂಟರ್ ಐತೆ, ಅಲ್ಲಿಗ್ ತಗೊಂಡ್ಹೋಗಿ."

ಎರಡನೆಯ ಸಲ ಹೋದಾಗ, ಬಿಟ್ಟು ಹೋಗಿ, ನಮ್ಮ ಹುಡುಗ ಬೆಂಗಳೂರಿಗೆ ಹೋದಾಗ ಕಳಿಸುತ್ತೇವೆ ಎಂದರು. ಒಂದು ತಿಂಗಳು ಕಳೆದು ಮೂರನೆಯ ಸಲ ಹೋದಾಗ ಟಿವಿ ಅದೇ ಕೌದಿಯಲ್ಲಿ ಅದೇ ಮೂಲೆಯಲ್ಲಿತ್ತು. ಆಗ ಬಂತು ಹೊಸ ಪ್ರಶ್ನೆ: "ಬಿಲ್ ಎಲ್ಲಿ?" ಬಿಲ್ ಇರಲಿಲ್ಲ. ಕೊಳ್ಳುವಾಗ ಅದೇ ಅಂಗಡಿಯವರು, ಬಿಲ್ ಹಾಕಿದರೆ ತೆರಿಗೆ ಸೇರುತ್ತದೆ, ಸುಮ್ಮನೆ ಯಾಕೆ ಎಂದಿದ್ದರು. ಅಪ್ಪನೂ ಹೂಂ ಎಂದಿದ್ದರು. ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಮೊಹರು ಬೀಳಬೇಕಾದ ಚೌಕ ಖಾಲಿಯಿತ್ತು. ಊರಿನಲ್ಲಿ ರೇಡಿಯೋ ರಿಪೇರಿ ಮಾಡುವವರಿಗೆ ತೋರಿಸೋಣವೆಂದರೆ, ಹಿಂದಿನ ಸೀಲು ಒಡೆದರೆ ವಾರಂಟಿ ಹೋಗುತ್ತದೆ ಎಂದು ಅದೇ ಕಾರ್ಡು ಹೆದರಿಸುತ್ತಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ತಪ್ಪು ನಂದೇ. ನೋಡಿ ತರ್ಬೇಕಿತ್ತು."

ಆ ಮಾತು ನನ್ನನ್ನು ಟಿವಿಗಿಂತ ಹೆಚ್ಚು ಕಾಲ ಕಾಡಿತು. ಯಾಕೆಂದರೆ ಅಪ್ಪ ನೋಡಿ ತರುವುದರಲ್ಲಿ ನಮ್ಮ ಕಡೆ ಹೆಸರಾದವರು. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗುವವರು ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವರು, ಸುಳಿ ನೋಡುವರು, ಗೊರಸು ತಟ್ಟುವರು, ನಾಲ್ಕು ಹೆಜ್ಜೆ ನಡೆಸುವರು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದು ಆಮೇಲಿನ ಮಾತು. ಅಷ್ಟೆಲ್ಲ ನೋಡಿಯೂ ಒಮ್ಮೆ ಮೋಸವಾಗಿತ್ತು. ತಂದ ಜೋಡಿಯಲ್ಲಿ ಒಂದು ಎತ್ತು ನೊಗ ಕಟ್ಟಿದ ಕೂಡಲೇ ಮಲಗಿಬಿಡುತ್ತಿತ್ತು. ಅಪ್ಪ ನಾಲ್ಕನೆಯ ದಿನ ಅದನ್ನು ಹೊಡೆದುಕೊಂಡು ಹೋಗಿ, ವ್ಯಾಪಾರ ಕುದುರಿಸಿದ ದಲ್ಲಾಳಿಯನ್ನೇ ಮುಂದೆ ನಿಲ್ಲಿಸಿ, ದುಡ್ಡು ವಾಪಸ್ಸು ತಂದಿದ್ದರು. ಚೀಟಿ ಇರಲಿಲ್ಲ, ಮೊಹರು ಇರಲಿಲ್ಲ. ಮಾರಿದವನು ಗೊಣಗಿದನಂತೆ, ಆದರೆ ಕೊಟ್ಟ. "ಹೊತ್ತು ಮೀರಿರ್ಲಿಲ್ಲ" ಎಂದು ಅಪ್ಪ ಅದಕ್ಕೆ ಕಾರಣ ಹೇಳುತ್ತಿದ್ದರು.

ಎತ್ತಿಗೆ ಒಂದು ಹೊತ್ತು ಇದೆ, ಅದರೊಳಗೆ ದೋಷ ಕಂಡರೆ ಹಿಂದಿರುಗಿಸಬಹುದು ಎಂಬ ಈ ತಿಳಿವಳಿಕೆ ಎಷ್ಟು ಹಳೆಯದೆಂದು ಗೊತ್ತಾದದ್ದು ನಾನು ಇತಿಹಾಸದ ವಿದ್ಯಾರ್ಥಿಯಾದ ಮೇಲೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಕೊಂಡ ಮೇಲೆ ಪರೀಕ್ಷಿಸಲು ಯಾವ ವಸ್ತುವಿಗೆ ಎಷ್ಟು ದಿನ ಎಂಬ ಪಟ್ಟಿ ಇದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಭಾರ ಎಳೆಯುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಅದೇ ಉಸಿರಿನಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಇದೆ. ಮನುಷ್ಯರನ್ನು ಹಸುವಿನ ಸಾಲಿನಲ್ಲಿ ನಿಲ್ಲಿಸಿದ ಆ ಲೋಕವನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಆದರೆ ಈ ಸ್ಮೃತಿಗೆ 'ಮಿತಾಕ್ಷರ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಮುಂದೆ ಬ್ರಿಟಿಷ್ ನ್ಯಾಯಾಲಯಗಳು ಹಿಂದೂಗಳ ಆಸ್ತಿ ಹಂಚಿಕೆಗೆ ಅವನನ್ನೇ ಆಧಾರವಾಗಿ ಹಿಡಿದವು. ಆಸ್ತಿಯ ವಿಷಯಕ್ಕೆ ಅವನ ಹೆಸರು ಎಲ್ಲರಿಗೂ ಗೊತ್ತು. ಅವನ ಪುಸ್ತಕದಲ್ಲಿ ಎತ್ತಿಗೆ ಐದು ದಿನ ಎಂದೂ ಇದೆ ಎನ್ನುವುದು ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಆದರೂ ಅವರು ನಾಲ್ಕನೆಯ ದಿನವೇ ಹೊರಟಿದ್ದರು.

ಇನ್ನೊಂದು ಹಳೆಯ ಸಾಕ್ಷಿ ಸಿಕ್ಕಿದ್ದೂ ನಮ್ಮ ನೆಲದಲ್ಲೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಕೊಂಡದ್ದು-ಮಾರಿದ್ದರ ರದ್ದತಿಗೆ ಗಡುವು ಇದೆ: ವ್ಯಾಪಾರಿಗಳಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ದನ ಕಾಯುವವರಿಗೆ ಐದು. ಮಾರಿದ ಸರಕನ್ನು ಕೊಡದೆ ಹೋದವನಿಗೆ 12 ಪಣ ದಂಡ. ಆದರೆ ಸರಕಿನಲ್ಲೇ ದೋಷವಿದ್ದರೆ ಆ ಮಾತು ಬೇರೆ.

ಈ ಗಡುವುಗಳ ಹಿಂದೆ ಒಂದು ನಂಬಿಕೆ ಇದೆ. ಸರಕು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕೊಂಡವನು ಎಚ್ಚರದಿಂದ ನೋಡಿದರೆ ಕೆಲವೇ ದಿನಗಳಲ್ಲಿ ದೋಷ ಬಯಲಾಗುತ್ತದೆ. ಆಮೇಲೆ ಕಂಡರೆ ಅದು ಅವನ ಹಣೆಬರಹ. ಇಂಗ್ಲಿಷರ ಸಂತೆಯ ನ್ಯಾಯವೂ ಹೀಗೇ ಇತ್ತು: ಕೊಳ್ಳುವವನೇ ಎಚ್ಚರವಿರಲಿ. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮು ಇದೇ ತತ್ತ್ವದಿಂದ ಹೊರಟು, ಆಮೇಲೆ ವಿನಾಯಿತಿಗಳನ್ನು ಕೊಡುತ್ತದೆ. ಆ ಬಗೆಯ ಸರಕಿನ ವ್ಯಾಪಾರಿಯಿಂದ ವಿವರಣೆ ನಂಬಿ ಕೊಂಡರೆ ಸರಕು ಮಾರಾಟಯೋಗ್ಯ ಗುಣದ್ದಾಗಿರಬೇಕು. ಕೊಂಡವನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ದೂರಿಲ್ಲ. ಇಂಥ ಕೆಲಸಕ್ಕೆ ಬೇಕು ಎಂದು ಹೇಳಿ, ವ್ಯಾಪಾರಿಯ ಅನುಭವ ನಂಬಿ ಕೊಂಡರೆ ಸರಕು ಆ ಕೆಲಸಕ್ಕೆ ಒದಗಬೇಕು. ಆದರೆ ಕಂಪನಿಯ ಹೆಸರು ಹೇಳಿ ಕೊಂಡ ವಸ್ತುವಿಗೆ ಈ ಕೊನೆಯ ಭರವಸೆ ತಾನಾಗಿ ಸಿಗುವುದಿಲ್ಲ.

ಕಾನೂನು ಕೊಂಡವನನ್ನು ಪೂರ್ತಿ ಕೈಬಿಟ್ಟಿರಲಿಲ್ಲ ಎಂಬುದು ನಿಜ. ಆದರೆ ಅದನ್ನು ಕೇಳಬೇಕಾದದ್ದು ಸಿವಿಲ್ ಕೋರ್ಟಿನಲ್ಲಿ. ವಕೀಲರು, ಕೋರ್ಟ್ ಶುಲ್ಕ, ವಾಯಿದೆಯ ಮೇಲೆ ವಾಯಿದೆ. ಮೂರು ಸಾವಿರದ ಟಿವಿಗೆ ಯಾರು ಆ ಮೆಟ್ಟಿಲು ಹತ್ತುತ್ತಾರೆ? ಇನ್ನು ನೋಡಿ ಕೊಳ್ಳುವ ಮಾತು. ಟಿವಿ ಎಂದರೆ ಹಿಂದೆ ಸೀಲು ಹಾಕಿದ ಪೆಟ್ಟಿಗೆ. ಬಾಯಿ ಬಿಡಿಸಿ ಹಲ್ಲು ಎಣಿಸುವ ಹಾಗಿಲ್ಲ. ಅದರೊಳಗೆ ಏನಿದೆ ಎಂದು ಗೊತ್ತಿರುವುದು ಮಾಡಿದವನಿಗೆ, ಸ್ವಲ್ಪಮಟ್ಟಿಗೆ ಮಾರಿದವನಿಗೆ. ಗೊತ್ತಿರುವವರು ಕೈ ತೊಳೆದುಕೊಂಡು, ಗೊತ್ತಿಲ್ಲದವನ ಮೇಲೆ ಎಚ್ಚರದ ಹೊರೆ ಹೊರಿಸುವುದು ಸಂತೆಯ ನ್ಯಾಯವೂ ಅಲ್ಲ.

ಹಾಸನದವರಿಗೆ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ನಮ್ಮ ಹಳ್ಳಿಗಳಿಗೆ ಟಿವಿಯ ಹುಚ್ಚು ಹಿಡಿಸಿದ ಇನ್ಸಾಟ್ ಉಪಗ್ರಹಗಳನ್ನು ನಡೆಸಿದ್ದು ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿ ಮಾಡಿಕೊಟ್ಟ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿ, ಒಂದರ ಮೇಲೊಂದು ತೊಂದರೆ ಕಂಡು, ಅದೇ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. 1983ರ ಆಗಸ್ಟ್ ಕೊನೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕವೂ ಮೊದಲು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಫೋರ್ಡ್ ಕಂಪನಿಯವರೂ ನಮ್ಮವರೂ ಸೇರಿ ನೆಲದಿಂದಲೇ ಸಂಕೇತ ಕಳಿಸುತ್ತ, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅದನ್ನು ಬಿಡಿಸಿದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ದೂರದ ಯಂತ್ರಕ್ಕೆ ರಿಪೇರಿ ಸಾಧ್ಯವಾಯಿತು, ಅಂಗಡಿಯ ಮೂಲೆಯಲ್ಲಿದ್ದ ನಮ್ಮ ಟಿವಿಗೆ ಆಗಲಿಲ್ಲ. ಸರ್ಕಾರದ ಕೈಯಲ್ಲಿ ಒಪ್ಪಂದವಿತ್ತು, ಪೆಟ್ಟಿಗೆಯ ಒಳಗನ್ನು ಬಲ್ಲ ಎಂಜಿನಿಯರುಗಳಿದ್ದರು. ಮಾಡಿದವರು 'ಅದು ನಮ್ಮ ಕೆಲಸವಲ್ಲ' ಎನ್ನುವ ಹಾಗಿರಲಿಲ್ಲ. ಅಪ್ಪನ ಕೈಯಲ್ಲಿ ಮೊಹರಿಲ್ಲದ ಕಾರ್ಡಿತ್ತು.

ವಿಪರ್ಯಾಸವೆಂದರೆ, ಅಪ್ಪ ಕೌದಿ ಹೊತ್ತು ತಿರುಗುತ್ತಿದ್ದಾಗ ಅವರ ಪರವಾದ ಕಾನೂನು ಆಗಲೇ ಇತ್ತು. ಗ್ರಾಹಕರ ಸಂರಕ್ಷಣಾ ಕಾಯ್ದೆಗೆ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಇವತ್ತಿಗೂ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನ ಎಂದು ಆಚರಿಸುತ್ತೇವೆ. ಅದರ ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಗೆ ಮಾರ್ಗಸೂಚಿ ಹೊರಡಿಸಿತ್ತು. ಅಹಮದಾಬಾದ್, ಮುಂಬಯಿ, ದೆಹಲಿಯ ಗ್ರಾಹಕ ಸಂಘಗಳು ಬಹಳ ಕಾಲದಿಂದ ಕೂಗುತ್ತಿದ್ದವು. ಆ ಕಾಯ್ದೆ ಜಿಲ್ಲೆಗೊಂದು ವೇದಿಕೆ ಕೊಟ್ಟಿತು. ವಕೀಲರು ಬೇಕಿಲ್ಲ, ಬಿಳಿ ಹಾಳೆಯಲ್ಲಿ ದೂರು ಬರೆದರೆ ಸಾಕು. ಮೊದಮೊದಲು ಶುಲ್ಕವೂ ಇರಲಿಲ್ಲ. ದೋಷ ಸರಿಪಡಿಸಿ ಕೊಡು, ಇಲ್ಲವೇ ಬೇರೆ ಕೊಡು, ಇಲ್ಲವೇ ದುಡ್ಡು ವಾಪಸ್ಸು ಕೊಡು, ಆದ ನಷ್ಟಕ್ಕೆ ಪರಿಹಾರ ಕೊಡು ಎಂದು ಆದೇಶಿಸುವ ಅಧಿಕಾರ ಆ ವೇದಿಕೆಗಿತ್ತು. ಕಂಪನಿ ಎಲ್ಲೇ ಇರಲಿ, ವ್ಯಾಪಾರ ನಡೆದದ್ದು ಹಾಸನದಲ್ಲಾದ್ದರಿಂದ ದೂರನ್ನು ಹಾಸನದಲ್ಲೇ ಕೊಡಬಹುದಿತ್ತು. ಅಂಗಡಿಯವರನ್ನೂ ಕಂಪನಿಯನ್ನೂ ಒಟ್ಟಿಗೆ ಎದುರುದಾರರನ್ನಾಗಿ ಮಾಡಬಹುದಿತ್ತು.

ಅದಕ್ಕಿಂತ ದೊಡ್ಡದೆಂದು ನನಗೆ ಅನ್ನಿಸುವುದು ಅದರ 13ನೆಯ ಕಲಮಿನ ಒಂದು ಸಣ್ಣ ಏರ್ಪಾಡು. ಪರೀಕ್ಷೆ ಮಾಡದೆ ತಿಳಿಯಲಾಗದ ದೋಷವಾದರೆ, ವಸ್ತುವಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸುವುದು ವೇದಿಕೆಯ ಕೆಲಸ. ಕೊಂಡವನ ಕಣ್ಣಿಗೆ ಕಾಣದ್ದೂ ಇರುತ್ತದೆ ಎಂದು ಕಾಯ್ದೆಯೇ ಒಪ್ಪಿಕೊಂಡಿತು. 'ನೋಡಿ ತರಬೇಕಿತ್ತು' ಎಂಬ ಮಾತಿನ ಬಲ ಅಲ್ಲಿ ಮುರಿಯಿತು.

ಇದು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ನಮ್ಮಂಥ ಬೇಸಾಯದವರಿಗೆ ಹತ್ತಿರದ ಉದಾಹರಣೆ ಇದೆ. ಕಳಪೆ ಬೀಜದಿಂದ ಬೆಳೆ ಕಳೆದುಕೊಂಡ ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಹೋರಾಡಿದ ಮೊಕದ್ದಮೆಯಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರೈತರು ಗ್ರಾಹಕರೇ ಎಂದಿತು. ಮಾದರಿ ಪರೀಕ್ಷೆ ಮಾಡಿಸಲಿಲ್ಲ ಎಂಬ ನಿಗಮದ ವಾದವನ್ನು ಒಪ್ಪಲಿಲ್ಲ. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ, ಮುಂದೆ ದಾವೆ ಹಾಕಬೇಕಾದೀತೆಂದು ಒಂದು ಹಿಡಿ ಎತ್ತಿಟ್ಟಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ ಎಂಬುದು ಅದರ ತಾತ್ಪರ್ಯ. ಜಲಂಧರದಿಂದ ಬರುವ ಬಿತ್ತನೆ ಆಲೂಗಡ್ಡೆಯನ್ನು ನಂಬಿ ನೆಲಕ್ಕೆ ಹಾಕುವ ನಮ್ಮ ಸೀಮೆಯವರಿಗೆ ಆ ಮಾತಿನ ತೂಕ ಗೊತ್ತು. ಯಾಜ್ಞವಲ್ಕ್ಯ ಬೀಜಕ್ಕೆ ಕೊಟ್ಟದ್ದು ಹತ್ತೇ ದಿನ.

ಇಷ್ಟೆಲ್ಲ ಓದಿಕೊಂಡಿದ್ದ ನನಗೂ 2023ರಲ್ಲಿ ಪರೀಕ್ಷೆ ಎದುರಾಯಿತು. ಮಗಳ ಓದಿಗೆಂದು ಹಾಸನದಲ್ಲಿ ಕೊಂಡ ಲ್ಯಾಪ್‌ಟಾಪು ಐದನೆಯ ತಿಂಗಳು ಕಣ್ಣುಮುಚ್ಚಿತು. ಅಂಗಡಿಯಲ್ಲಿದ್ದ ಯುವಕ ಅಪ್ಪನಿಗೆ ಹೇಳಿದ್ದ ಮಾತನ್ನೇ ಸ್ವಲ್ಪ ನಾಜೂಕಾಗಿ ಹೇಳಿದ: "ಸರ್, ನಾವು ಸೇಲ್ ಮಾತ್ರ. ಸರ್ವೀಸು ಕಂಪ್ನಿದು." ಸರ್ವೀಸ್ ಸೆಂಟರಿನವರು ತೆರೆದು ನೋಡಿ, ಒಳಗೆ ನೀರು ತಗುಲಿದೆ, ವಾರಂಟಿ ಬರುವುದಿಲ್ಲ, ಮದರ್‌ಬೋರ್ಡಿಗೆ 18,000 ರೂಪಾಯಿ ಆಗುತ್ತದೆ ಎಂದರು. ಮಗಳು ಅಳುವ ಮುಖ ಮಾಡಿಕೊಂಡು, "ನಾನೇ ಏನೋ ಮಾಡಿದೆ ಅನ್ಸುತ್ತೆ" ಎಂದಳು. ನೀರು ಚೆಲ್ಲಿದ ನೆನಪು ಅವಳಿಗಿರಲಿಲ್ಲ. ಆದರೂ ತಪ್ಪು ತನ್ನದೇ ಇರಬೇಕು ಎಂದು ಆಗಲೇ ನಂಬತೊಡಗಿದ್ದಳು. ಬಸ್ಸಿನಲ್ಲಿ ಅಪ್ಪ ಹೇಳಿದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿತು.

ನಾನು ಜಗಳ ಮಾಡಲಿಲ್ಲ. ನೀರು ಎಲ್ಲಿ ತಗುಲಿದೆ, ಫೋಟೋ ಸಮೇತ ಜಾಬ್‌ಶೀಟಿನಲ್ಲಿ ಬರೆದುಕೊಡಿ ಎಂದೆ. ಬಾಯಲ್ಲಿ ಸಲೀಸಾಗಿ ಬಂದ ಮಾತು ಹಾಳೆಯ ಮೇಲೆ ಬರಲು ತಡವರಿಸಿತು. 'ತೇವಾಂಶದ ಸಾಧ್ಯತೆ' ಎಂದಷ್ಟೇ ಬರೆದರು. ಆಮೇಲೆ ಅಂಗಡಿಗೂ ಕಂಪನಿಗೂ ಒಂದೇ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಕೊಂಡ ದಿನ, ಬಿಲ್ ನಂಬರು, ಕೆಟ್ಟ ದಿನ, ಯಾರು ಯಾವತ್ತು ಏನು ಹೇಳಿದರು, ನನಗೆ ಬೇಕಾದದ್ದೇನು, 15 ದಿನದ ಗಡುವು. ಬೈಗುಳ ಒಂದೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಆ ಸಂಖ್ಯೆಯನ್ನೂ ಇಬ್ಬರಿಗೂ ತಿಳಿಸಿದೆ. ಜಿಲ್ಲಾ ಆಯೋಗಕ್ಕೆ ಕೊಡಬೇಕಾದ ದೂರನ್ನು ಬರೆದು ಇಟ್ಟುಕೊಂಡೆ. ಹನ್ನೆರಡನೆಯ ದಿನ ಅಂಗಡಿಯಿಂದಲೇ ಫೋನು ಬಂತು. ಬೋರ್ಡು ಬದಲಾಯಿಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಯಾರೂ ಕ್ಷಮೆಯನ್ನೂ ಕೇಳಲಿಲ್ಲ.

ಇದನ್ನು ಗೆಲುವಿನ ಕತೆಯಾಗಿ ಹೇಳಲು ನನಗೆ ಸಂಕೋಚ. ಅಂಗಡಿಯವರ ಪಾಡೂ ಸುಲಭದ್ದಲ್ಲ. ಲ್ಯಾಪ್‌ಟಾಪು ತರಲು ಹೋದಾಗ ಮಾಲೀಕರು ಕಾಫಿ ತರಿಸಿ, ಬಿಡಿಭಾಗ ಕಂಪನಿಯವರ ಕೈಯಲ್ಲಿ, ಬೈಗುಳ ನಮ್ಮ ಪಾಲಿಗೆ, ಸಿಗುವ ಲಾಭ ನಿಮಗೇ ಗೊತ್ತು ಎಂದರು. ಅದೂ ನಿಜವೇ. ಆದರೆ ಕಂಪನಿಯ ಬಾಗಿಲು ತಟ್ಟುವ ದಾರಿ ಅವರಿಗಿದೆ, ಕಟ್ಟಾಯದಲ್ಲಿ ಕೂತವರಿಗಿಲ್ಲ. ದುಡ್ಡು ಎಣಿಸಿಕೊಂಡದ್ದು ಅವರ ಕೈ. ಆಯೋಗಗಳಲ್ಲೂ ಮೂರು ತಿಂಗಳಲ್ಲಿ ಮುಗಿಯಬೇಕಾದದ್ದು ವರ್ಷಗಟ್ಟಲೆ ಎಳೆಯುವುದುಂಟು. ಆದರೂ ಅಲ್ಲಿಗೆ ಹೋಗಬಲ್ಲೆ ಎಂಬುದೇ ಎಷ್ಟೋ ಸಲ ಕೆಲಸ ಮಾಡುತ್ತದೆ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆ ಇನ್ನೂ ಎರಡು ಹೆಜ್ಜೆ ಮುಂದೆ ಹೋಗಿದೆ. ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಅನ್ಯಾಯದ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಅದು ಸೇರಿಸಿದ ಹೊಸ ಸಾಲುಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ಸು ಪಡೆದು ಹಣ ಕೊಡಲು ನಿರಾಕರಿಸುವುದು. ಎತ್ತಿನ ಐದು ದಿನದಿಂದ ಇಲ್ಲಿಗೆ ಬರಲು ಎಷ್ಟು ಶತಮಾನ! 'ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ' ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ದೋಷದ ಹೊಣೆ ತಪ್ಪುವುದಿಲ್ಲ. ಇನ್ನೊಂದು, ಮಾರಿದ ಸರಕಿಗೆ ಬಿಲ್ ಕೊಡದಿರುವುದು.

ಈ ಎರಡನೆಯ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಿಲ್ ಇಲ್ಲದ್ದನ್ನು ಅಪ್ಪ ಇಷ್ಟು ಕಾಲ ತಮ್ಮ ತಪ್ಪೆಂದೇ ಹೊತ್ತುಕೊಂಡಿದ್ದರು. ತೆರಿಗೆ ಉಳಿಸುವ ಆಸೆಗೆ ಹೂಂ ಎಂದದ್ದು ಅವರ ಪಾಲು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಡದವರೇ 'ಎಲ್ಲಿ?' ಎಂದು ಕೇಳಿದ್ದರಲ್ಲ, ಆ ಪ್ರಶ್ನೆಯ ನಾಚಿಕೆ ಅಪ್ಪನದಾಗಬೇಕಿರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನ ಕತೆಯನ್ನೂ ಕಾಯ್ದೆಯ ಕತೆಯನ್ನೂ ಅಪ್ಪನಿಗೆ ಹೇಳಿದೆ. ಈಗ ಅವರಿಗೆ ಕಿವಿ ಸ್ವಲ್ಪ ಮಂದ. ಎಲ್ಲ ಕೇಳಿಸಿಕೊಂಡು, "ಆದ್ರೂ ನೋಡಿ ತರ್ಬೇಕಿತ್ತು ಕಣೋ" ಎಂದರು.

"ಏನು ನೋಡ್ತಿದ್ರಿ? ಅದಕ್ಕೆ ಹಲ್ಲಿತ್ತಾ?" ಎಂದೆ.

ಅವರು ನಕ್ಕರು. ಆಮೇಲೆ ಲ್ಯಾಪ್‌ಟಾಪಿನ ಬಿಲ್ಲು ತೋರಿಸು ಎಂದರು. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಮೊಹರು ಇದೆಯೇ ಎಂದು ನೋಡಿದರು. ವಾಪಸ್ಸು ಕೊಡಲಿಲ್ಲ. ಎದ್ದು ಹೋಗಿ ಟ್ರಂಕಿನಲ್ಲಿ, ಪಹಣಿ ಪತ್ರಗಳಿರುವ ಚೀಲದೊಳಗೆ ಇಟ್ಟರು.